ಬಲೂನು, ಕಂಪನದ ಪಟ್ಟಿ, ತಂಬೂರಿಯ ಬುರುಡೆ

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳದವರಿಗೆ ಶಸ್ತ್ರಚಿಕಿತ್ಸೆ ಮಾಡಿ ಅಳವಡಿಸುವ ಶ್ರವಣ ಸಾಧನ, ಹಾಕಿಸಿಕೊಂಡು ಮೂರು ವರ್ಷವಾಯಿತು. ಗದ್ದಲವಿಲ್ಲದಿದ್ದರೆ ಫೋನ್‌ನಲ್ಲೂ ಸಲೀಸಾಗಿ ಮಾತನಾಡುತ್ತೇನೆ. ಹಾಡು ಮಾತ್ರ ದಕ್ಕಿರಲಿಲ್ಲ. ಕಿವಿಯ ಒಳಗಿನ ಸಾವಿರಾರು ಸೂಕ್ಷ್ಮ ಕೋಶಗಳ ಕೆಲಸವನ್ನು ಇಂಪ್ಲಾಂಟಿನ, ನರಕ್ಕೆ ವಿದ್ಯುತ್ ಮಿಡಿತ ಕೊಡುವ ಹನ್ನೆರಡರಿಂದ ಇಪ್ಪತ್ತೆರಡು ಎಲೆಕ್ಟ್ರೋಡ್‌ಗಳು ಮಾಡಬೇಕು. ತಾಳ ಸ್ಪಷ್ಟವಾಗಿ ತಿಳಿಯುತ್ತದೆ. ರಿಷಭ, ಗಾಂಧಾರಗಳು ಕಲಸಿಹೋಗುತ್ತವೆ. ರಾಯಚೂರಿನ ಓಣಿಯಲ್ಲಿ ದಾಸರ ಪದ ಕೇಳುತ್ತಲೇ ಬೆಳೆದವಳು ನಾನು. ಈ ನಷ್ಟ ಸಣ್ಣದಲ್ಲ. ಹಾಗಾಗಿ ಒಂದೇ ಪದವನ್ನು ಚರ್ಮದ ಮೂಲಕವೂ ಕೇಳಿ ನೋಡಿದೆ.

ಮೊದಲು ಬಲೂನು. ಸ್ಪೀಕರಿನ ಎದುರು ಕುಳಿತು ಎರಡೂ ಅಂಗೈಯಲ್ಲಿ ಮೆತ್ತಗೆ ಹಿಡಿದರೆ ತಬಲಾದ ಎಡದ ಪೆಟ್ಟು ಮೊಣಕೈವರೆಗೆ ಬರುತ್ತದೆ. ಐದು ರೂಪಾಯಿಗೆ ಇಷ್ಟು ಸಿಗುವುದು ದೊಡ್ಡದು. ಆದರೆ ಎರಡೂ ಕೈ ಕಟ್ಟಿದಂತಾಗಿ ತಾಳ ಹಾಕಲು ಆಗುವುದಿಲ್ಲ, ನಮ್ಮ ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಅದು ಬಾಳುವುದೂ ಇಲ್ಲ.

ಬೆನ್ನಿಗೆ ಕಂಪಿಸುವ ದಿಂಬು ಹೆಚ್ಚು ದಿನ ನಡೆಯಲಿಲ್ಲ. ಒರಗಿದಾಗಲೆಲ್ಲ ತಲೆಯ ಹಿಂದೆ ಅಯಸ್ಕಾಂತದಿಂದ ಅಂಟಿಕೊಂಡು ಇಂಪ್ಲಾಂಟಿಗೆ ದನಿ ಕಳಿಸುವ ಕಾಯಿಲ್ ಜಾರಿ ಮೌನವೇ ಆವರಿಸುತ್ತಿತ್ತು.

ದನಿಗೆ ತಕ್ಕಂತೆ ಕಂಪಿಸುವ ಮಣಿಕಟ್ಟಿನ ಪಟ್ಟಿಯ ಮೇಲೆ ನನಗೆ ಹೆಚ್ಚು ಆಸೆಯಿತ್ತು. ಬ್ಲೂಟೂತ್‌ನಲ್ಲಿ ಜೋಡಿಸಿದಾಗ ತಾಳದ ಪೆಟ್ಟು ಮೊದಲು ಕಿವಿಗೆ, ಆಮೇಲೆ ಕೈಗೆ ಬಂತು. ಭಜನೆಯಲ್ಲಿ ಒಬ್ಬರು ತಡವಾಗಿ ಚಪ್ಪಾಳೆ ತಟ್ಟಿದಂತೆ ಮನಸ್ಸು ಕದಡಿತು. ತಂತಿ ಹಾಕಿದ ಮೇಲೆ ಸರಿಹೋಯಿತು. ಆದರೂ ನನ್ನ ಪಟ್ಟಿಯ ಮೋಟಾರು ಹಾಡು ಏರಿದರೂ ಇಳಿದರೂ ಒಂದೇ ಬಗೆಯಲ್ಲಿ ಗುಂಯ್‌ಗುಟ್ಟುತ್ತದೆ, ಬಲ ಮಾತ್ರ ಬದಲಾಗುತ್ತದೆ. ಲಯ ಸಿಗುತ್ತದೆ, ನಿಜ. ಲಯ ನನಗೆ ಇಂಪ್ಲಾಂಟ್‌ನಿಂದಲೇ ಸಿಗುತ್ತಿತ್ತಲ್ಲ.

ಕೊನೆಗೆ ಅತ್ತೆಯ ಹಳೆಯ ತಂಬೂರಿ. ಬುರುಡೆಯನ್ನು ತೊಡೆಗೆ ಆನಿಸಿ ಎಡಗೈಯ ಬೆರಳ ತುದಿಗಳನ್ನು ಅದರ ಮೇಲಿಟ್ಟೆ. ಹೆಣ್ಣುಮಕ್ಕಳು ಹಾಡುವ ಐದು ಕಟ್ಟೆ ಶ್ರುತಿಯ ಷಡ್ಜ, ಅಂದರೆ ಆಧಾರ ಸ್ವರ, ಸುಮಾರು 196 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ನಮ್ಮ ಚರ್ಮ ಕಂಪನಕ್ಕೆ ಅತಿ ಚುರುಕಾಗಿರುವುದು 200ರಿಂದ 300 ಹರ್ಟ್ಸ್ ಆಸುಪಾಸಿನಲ್ಲಿ. ತಂತಿ ಮೀಟಿದೊಡನೆ ನಡುಬೆರಳಿನಿಂದ ಅಂಗೈಗೆ ಜುಮ್ಮೆನ್ನುವ ಅಲೆ ಹರಿಯಿತು, ಮುಂದಿನ ಮೀಟಿನವರೆಗೂ ನಿಂತಿತ್ತು. ಮಗಳು ಹಾಡತೊಡಗಿದಳು. ಅವಳ ದನಿ ಎಲ್ಲೆಲ್ಲೋ ಸುತ್ತಿ ಪಲ್ಲವಿಯ ಕೊನೆಗೆ ಷಡ್ಜಕ್ಕೆ ಇಳಿದಾಗ, ಕಿವಿಯ ದನಿಯೂ ಬೆರಳ ನಡುಕವೂ ಒಂದಾದವು. ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದು ಮೂರು ವರ್ಷದಲ್ಲಿ ಮೊದಲ ಬಾರಿಗೆ ತಿಳಿಯಿತು. ಕಣ್ಣು ತುಂಬಿ ಬಂತು.

ರಿಷಭ, ಗಾಂಧಾರಗಳನ್ನು ಬೆರಳೂ ಬೇರ್ಪಡಿಸಿ ಕೊಡುವುದಿಲ್ಲ. ತಾರಸ್ಥಾಯಿಗೆ ಏರಿದರೆ ಕಿವಿಯೊಂದೇ ಗತಿ. ಮೀಟಲು ಯಾರಾದರೂ ಜೊತೆಗಿರಬೇಕು. ಇಷ್ಟೆಲ್ಲ ಇದ್ದರೂ ನನ್ನ ಮತ ತಂಬೂರಿಗೇ. ಧ್ವನಿಮುದ್ರಿಕೆ ಕೇಳುವಾಗ ತಂತಿಯ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಭಜನೆಗೆ ಹೋದರೆ ತಂಬೂರಿ ಹಿಡಿದವರ ಪಕ್ಕದ ಜಾಗ ನನಗೆಂದು ಬಿಟ್ಟಿರುತ್ತಾರೆ.