ಮನೆಗೆ ನಾಲ್ಕು ಸ್ಟಾರ್, ಓನರ್‌ಗೆ ಒಂದೇ

ಎರಡು ವರ್ಷ ಇದ್ದು ಮೊನ್ನೆ ಖಾಲಿ ಮಾಡಿದ ಬಾಡಿಗೆ ಮನೆ. ಗಾಳಿ ಬೆಳಕಿಗೆ ಕೊರತೆಯಿಲ್ಲ. ನಲ್ಲಿ ಸೋರಿದರೆ ಮರುದಿನವೇ ಪ್ಲಂಬರ್ ಹಾಜರು.

ತಕರಾರು ಶುರುವಾಗಿದ್ದು ನನ್ನ ತಂಗಿ ಬಂದು ಎರಡು ರಾತ್ರಿ ಉಳಿದಾಗ. ಬೆಳಿಗ್ಗೆ ಬಾಗಿಲಿಗೆ ಚೀಟಿ: 'ರಾತ್ರಿ ಹತ್ತರ ಮೇಲೆ ಹೊರಗಿನವರು ಇರಕೂಡದು. ಇದ್ದರೆ ತಲೆಗಿಷ್ಟು ಅಂತ ಹೆಚ್ಚುವರಿ ಬಾಡಿಗೆ.' ಚೀಟಿ ಕಿತ್ತರೆ ಸೆಲೋಟೇಪಿನ ಜೊತೆ ಬಾಗಿಲ ಬಣ್ಣವೂ ಬಂತು. ಆ ಕಲೆಗೆ ಕೊನೆಯಲ್ಲಿ ನನ್ನ ಅಡ್ವಾನ್ಸಲ್ಲೇ ಹಿಡಿದುಕೊಳ್ಳಲು ನೋಡಿದ್ದು ಬೇರೆ ಕಥೆ!

ಕರಾರುಪತ್ರ ತೆಗೆದು ಸಾಲು ಸಾಲು ಓದಿದೆ. ಒಳಬಾಡಿಗೆಗೆ ಕೊಡಬಾರದು ಅಂತಿತ್ತು, ಅತಿಥಿಗಳ ಸುದ್ದಿಯೇ ಇಲ್ಲ. ದುಡ್ಡು ತಗೊಂಡು ಜಾಗ ಬಿಟ್ಟುಕೊಟ್ಟರೆ ಒಳಬಾಡಿಗೆ. ಎರಡು ರಾತ್ರಿ ಮಲಗಿ ಹೋಗುವ ತಂಗಿ ಯಾವ ಲೆಕ್ಕದಲ್ಲಿ ಬಾಡಿಗೆದಾರಳು? ಇಬ್ಬರೂ ಸಹಿ ಹಾಕಿದ ಮೇಲೆ ಒಬ್ಬರೇ ಕೂತು ಹೊಸ ಷರತ್ತು ಸೇರಿಸೋದೂ ಸರಿಯಲ್ಲ. ಜಗಳಕ್ಕೆ ಹೋಗದೆ ಇಷ್ಟನ್ನೇ ಮೆಸೇಜ್ ಮಾಡಿದೆ, ಚೀಟಿಯ ಫೋಟೋ ಸಮೇತ. ಹೆಚ್ಚುವರಿ ಬಾಡಿಗೆಯ ಮಾತು ಮತ್ತೆ ಎತ್ತಲಿಲ್ಲ.

ಮನೆ ನೋಡಲು ಹೋಗುವವರು, ಅತಿಥಿ ಸತತ ಎಷ್ಟು ರಾತ್ರಿ ಇರಬಹುದು ಅನ್ನೋದನ್ನು ಸಹಿಗೆ ಮುಂಚೆಯೇ ಬರೆಸಿಕೊಳ್ಳಿ. ಓನರ್ ಮಾತ್ರ ಕೊನೇ ದಿನದವರೆಗೂ ಬಾಲ್ಕನಿಯಲ್ಲಿ ಒಣಹಾಕಿದ ಟವೆಲ್ ಎಣಿಸುತ್ತಲೇ ಇದ್ದರು.