ಒಂದೇ ರಿವಾಲ್ವರ್, ಮೂರು ಕೆಲಸ: ರೂಗರ್ ಜಿಪಿ100 ದೀರ್ಘ ಬಳಕೆಯ ನಂತರ

ಕ್ಯಾಂಪಿಂಗ್‌ಗೂ ಮೀನು ಹಿಡಿಯುವುದಕ್ಕೂ ಒಯ್ಯುವ ರಿವಾಲ್ವರ್ ಹಗುರವಾಗಿದ್ದಷ್ಟು ಅನುಕೂಲ. ಜಿಂಕೆ ಶಿಕಾರಿಗಾದರೆ ತೂಕವೂ ಬೇಕು, ಉದ್ದ ನಳಿಗೆಯೂ ಬೇಕು. ಈ ಮೂರನ್ನೂ ಒಂದರಲ್ಲೇ ಮುಗಿಸಬೇಕು ಎನ್ನುವವರಿಗೆ, ಅದರಲ್ಲೂ ಅಮೆರಿಕದ ಮಧ್ಯಪಶ್ಚಿಮ ಮತ್ತು ಪೂರ್ವದ ಕಾಡುಗಳಲ್ಲಿ ಓಡಾಡುವವರಿಗೆ, ನಮ್ಮ ಆಯ್ಕೆ ರೂಗರ್ ಜಿಪಿ100: ಸ್ಟೇನ್‌ಲೆಸ್ ಉಕ್ಕು, .357 ಮ್ಯಾಗ್ನಮ್ ಎಂಬ ಬಗೆಯ ಆರು ತೋಟಾ. ಬಹಳ ಕಾಲ ಬಳಸಿದ ಮೇಲೂ ಈ ಅಭಿಪ್ರಾಯ ಬದಲಾಗಿಲ್ಲ. 4.2 ಇಂಚಿನ ನಳಿಗೆಯದು ಸುಮಾರು 1.13 ಕಿಲೋ ತೂಗುತ್ತದೆ, 6 ಇಂಚಿನದು 1.28 ಕಿಲೋ.

ಯಾವ ನಳಿಗೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ನಿಮ್ಮ ರಾಜ್ಯದ ಶಿಕಾರಿ ನಿಯಮ ನೋಡಿ ತೀರ್ಮಾನಿಸಿ. ಇಂಡಿಯಾನಾದಲ್ಲಿ ಜಿಂಕೆಗೆ ಬಳಸುವ ಕೈಬಂದೂಕಿನ ನಳಿಗೆ ಕನಿಷ್ಠ 4 ಇಂಚು ಇರಬೇಕು, ಗುಂಡು ಬಿಟ್ಟು ತೋಟಾದ ಖೋಲು ಕನಿಷ್ಠ 1.16 ಇಂಚು ಇರಬೇಕು. .357 ಮ್ಯಾಗ್ನಮ್ ಖೋಲು 1.29 ಇಂಚು, ಹಾಗಾಗಿ ತೊಂದರೆಯಿಲ್ಲ. ಇದೇ ರಿವಾಲ್ವರ್‌ನಲ್ಲಿ ಹಾರಿಸಬಹುದಾದ .38 ಸ್ಪೆಷಲ್ ತೋಟಾದ ಖೋಲು 1.155 ಇಂಚು, ಕೂದಲೆಳೆಯಷ್ಟರಲ್ಲಿ ಹೊರಗುಳಿಯುತ್ತದೆ. ಗಡಿ ದಾಟಿ ಒಹಾಯೋಗೆ ಹೋದರೆ ಕನಿಷ್ಠ ನಳಿಗೆ 5 ಇಂಚು, ಅಲ್ಲಿ 4.2 ಇಂಚಿನ ರಿವಾಲ್ವರ್ ಹಿಡಿದು ಜಿಂಕೆಗೆ ಹೋಗುವಂತಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಕೈಪಿಡಿಯನ್ನೇ ಓದಿ. ಜಿಂಕೆಯೇ ಮುಖ್ಯವಾದರೆ 6 ಇಂಚು ಕೊಳ್ಳಿ. ಹೊಳೆ ಮತ್ತು ಡೇರೆಯೇ ಹೆಚ್ಚು, ಶಿಕಾರಿ ವರ್ಷಕ್ಕೊಮ್ಮೆ ಎಂದಾದರೆ 4.2 ಸಾಕು.

ಅಮೆರಿಕದಲ್ಲಿರುವ ಕನ್ನಡಿಗರು ಇನ್ನೊಂದನ್ನೂ ಗಮನಿಸಬೇಕು. ಎಚ್‌-1ಬಿ, ಎಫ್‌-1ನಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಚಾಲ್ತಿಯಲ್ಲಿರುವ ರಾಜ್ಯದ ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಆ ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ, ವೀಸಾವೇ ಪಣಕ್ಕೆ ಬೀಳುವ ವಿಷಯ ಇದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಡೀಲರ್ ಬಳಿ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು.

ಈಗ ಅಸಲು ವಿಷಯ. ಈ ರಿವಾಲ್ವರನ್ನು ಬಹುಪಯೋಗಿ ಮಾಡುವುದು ಅದಕ್ಕೆ ತುಂಬುವ ತೋಟಾ. .357 ಮ್ಯಾಗ್ನಮ್ 1935ರಲ್ಲಿ ಬಂದದ್ದು .38 ಸ್ಪೆಷಲ್‌ನ ಖೋಲನ್ನೇ ಉದ್ದ ಮಾಡಿ. ಹಾಗಾಗಿ ಎರಡನ್ನೂ ಇದರಲ್ಲಿ ಹಾರಿಸಬಹುದು. ಅಭ್ಯಾಸಕ್ಕೆ 148 ಗ್ರೇನ್ (ಗುಂಡಿನ ತೂಕದ ಅಳತೆ) ತೂಗುವ, ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡಿನ .38 ತುಂಬಿದರೆ ಕೈಗೆ ಒದೆತ ಅಷ್ಟಾಗಿ ತಾಗುವುದಿಲ್ಲ, ಹೊಸಬರು ಬೆದರದೆ ಕಲಿಯುತ್ತಾರೆ. ಅದೇ ರಿವಾಲ್ವರ್‌ಗೆ 158 ಗ್ರೇನ್‌ನ ಮ್ಯಾಗ್ನಮ್ ತುಂಬಿದರೆ ಸೆಕೆಂಡಿಗೆ 1235 ಅಡಿ ವೇಗ, 535 ಅಡಿ-ಪೌಂಡ್ ಶಕ್ತಿ. ಅರ್ಧ ತೂಕದ ಕಿರು ರಿವಾಲ್ವರ್‌ನಲ್ಲಿ ಇದೇ ತೋಟಾ ಹಾರಿಸಿದರೆ ಅಂಗೈ ಉರಿಯುತ್ತದೆ, ಎರಡನೇ ಈಡು ಎಲ್ಲೋ ಹೋಗುತ್ತದೆ. ಜಿಪಿ100ರ ತೂಕದ ಬೆಲೆ ಗೊತ್ತಾಗುವುದು ಆಗಲೇ. ಹಾವಿಗೆಂದು ಚರೆ ತುಂಬಿದ ತೋಟಾ ಸಿಗುತ್ತದೆ, ಹತ್ತು ಅಡಿಯೊಳಗೆ ಮಾತ್ರ ಕೆಲಸ ಮಾಡುತ್ತದೆ. ನಮಗದು ಅನಗತ್ಯ ಅನ್ನಿಸುತ್ತದೆ: ಹಾವು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು, ಮೇಲಾಗಿ ಟಿಂಬರ್ ರ್ಯಾಟಲ್‌ಸ್ನೇಕ್ ಇಂಡಿಯಾನಾ, ಒಹಾಯೋ ಎರಡರಲ್ಲೂ ಸಂರಕ್ಷಿತ ಪ್ರಾಣಿ.

ಬಿಳಿಬಾಲದ ಜಿಂಕೆಗೆ ಈ ತೋಟಾ ಸಾಕೇ? 50 ಗಜದೊಳಗೆ ಸಾಕು. ಅಷ್ಟು ದೂರ ಹೋಗುವಷ್ಟರಲ್ಲಿ 158 ಗ್ರೇನ್ ಗುಂಡಿನ ಶಕ್ತಿ 428 ಅಡಿ-ಪೌಂಡಿಗೆ ಇಳಿದಿರುತ್ತದೆ. ಪ್ರಾಣಿ ಪಕ್ಕ ತಿರುಗಿ ನಿಂತಿರಬೇಕು, ಏಟು ಭುಜದ ಹಿಂದೆ ಶ್ವಾಸಕೋಶಕ್ಕೆ ಬೀಳಬೇಕು. ಎದುರಿಗೆ ಮುಖಮಾಡಿದ್ದರೆ ಅಥವಾ ಓಡುತ್ತಿದ್ದರೆ ಹೊಡೆಯಬೇಡಿ. 158 ಗ್ರೇನ್‌ನ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಮೆದು ಸೀಸ ಕಾಣುವ ಗುಂಡು) ಇಲ್ಲವೇ 180 ಗ್ರೇನ್‌ನ ಭಾರದ ಗುಂಡು ಬಳಸಿ. 125 ಗ್ರೇನ್‌ನ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿರುವ ಗುಂಡು) ವೇಗವಾಗಿ ಹೋಗುತ್ತದೆ ನಿಜ, ಆದರೆ ಬೇಗ ಅರಳಿ ಆಳಕ್ಕೆ ಇಳಿಯದೆ ನಿಲ್ಲುತ್ತದೆ. ಗಾಯಗೊಂಡ ಜಿಂಕೆ ಕಾಡಲ್ಲಿ ನರಳಿ ಸಾಯುತ್ತದೆ. 25 ಗಜದಲ್ಲಿ, ಒರಗಿಕೊಳ್ಳದೆ, ಆರಕ್ಕೆ ಆರೂ ಊಟದ ತಟ್ಟೆಯಷ್ಟು ಜಾಗದಲ್ಲಿ ಕೂರುವವರೆಗೆ ಶಿಕಾರಿಯ ಯೋಚನೆ ಬೇಡ.

ಕಟ್ಟುವಿಕೆಯ ಗಟ್ಟಿತನದ ಬಗ್ಗೆ ದೂರಿಲ್ಲ. ಫ್ರೇಮ್‌ಗೆ ಪಕ್ಕದ ಮುಚ್ಚಳವಿಲ್ಲ, ಒಂದೇ ತುಂಡು. ತೋಟಾ ತುಂಬುವ ತಿರುಗುವ ಸಿಲಿಂಡರ್ ಮುಂದೆಯೂ ಹಿಂದೆಯೂ ಭದ್ರವಾಗಿ ಕಚ್ಚಿ ನಿಲ್ಲುತ್ತದೆ. ಹಳೆಯ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 19ರಲ್ಲಿ ಜಾಗ ಸಾಲದೆ ನಳಿಗೆಯ ಹಿಂತುದಿಯ ತಳವನ್ನು ಚಪ್ಪಟೆ ಮಾಡಿದ್ದರು. ಹಗುರ ಗುಂಡಿನ ಮ್ಯಾಗ್ನಮ್ ಸತತವಾಗಿ ಹಾರಿಸಿದರೆ ಬಿರುಕು ಬಿಡುತ್ತಿದ್ದದ್ದು ಅಲ್ಲೇ. ಜಿಪಿ100ರಲ್ಲಿ ಆ ಚಪ್ಪಟೆಯಿಲ್ಲ.

ಆದರೂ ಕೈಕೊಡುವ ಜಾಗಗಳಿವೆ. ಖಾಲಿ ಖೋಲುಗಳನ್ನು ಹೊರಹಾಕುವ ಎಕ್ಸ್‌ಟ್ರಾಕ್ಟರ್ ಎಂಬ ನಕ್ಷತ್ರಾಕಾರದ ಭಾಗದ ಅಡಿಗೆ ಉರಿಯದ ಮದ್ದಿನ ಕಾಳು ಸೇರಿಕೊಂಡರೆ ಸಿಲಿಂಡರ್ ಬಿಗಿಯಾಗುತ್ತದೆ, ಟ್ರಿಗರ್ ಭಾರವಾಗುತ್ತದೆ. ರಿವಾಲ್ವರ್ ಕೆಟ್ಟಿತು ಎಂದು ಅನೇಕರು ವಾಪಸ್ ಕಳಿಸುವುದು ಇದಕ್ಕೇ. ಖೋಲು ತೆಗೆಯುವಾಗ ನಳಿಗೆಯನ್ನು ಆಕಾಶಕ್ಕೆ ಎತ್ತಿ, ಎಜೆಕ್ಟರ್ ಕಡ್ಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿ. ಕಾಳುಗಳು ಖೋಲಿನ ಜೊತೆ ಕೆಳಗೆ ಬೀಳುತ್ತವೆ. ಆ ಜಾಗವನ್ನು ಒಣ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಎಣ್ಣೆ ಹಾಕಬೇಡಿ, ಹಾಕಿದರೆ ಮದ್ದು ಅಂಟಿಕೊಳ್ಳುತ್ತದೆ. .38 ಹೆಚ್ಚು ಹಾರಿಸಿದರೆ ಸಿಲಿಂಡರ್‌ನಲ್ಲಿ ತೋಟಾ ಕೂರುವ ಕೋಣೆಯೊಳಗೆ ಖೋಲಿನ ಬಾಯಿ ನಿಲ್ಲುವ ಜಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ, ಆಮೇಲೆ ಉದ್ದದ ಮ್ಯಾಗ್ನಮ್ ಒಳಗೆ ಇಳಿಯುವುದಿಲ್ಲ. ಶಿಕಾರಿಗೆ ಮುನ್ನ ಆರೂ ಕೋಣೆಗಳನ್ನು ಕಂಚಿನ ಬ್ರಷ್ ಹಾಕಿ ಉಜ್ಜಿ.

ಭಾರದ ಗುಂಡಿನ ತೋಟಾದಲ್ಲಿ ಇನ್ನೊಂದು ಅಪಾಯವಿದೆ: ಒದೆತಕ್ಕೆ ಗುಂಡು ಖೋಲಿನಿಂದ ಮುಂದೆ ಜಾರಿ ಸಿಲಿಂಡರ್ ಸುತ್ತದಂತೆ ತಡೆಯಬಹುದು. ಐದು ಹಾರಿಸಿ, ಆರನೆಯದನ್ನು ತೆಗೆದು ಮೊದಲಿನ ಉದ್ದಕ್ಕೆ ಹೋಲಿಸಿ ನೋಡಿ. ಉದ್ದವಾಗಿದ್ದರೆ ಆ ತೋಟಾ ಕಾಡಿಗೆ ಬೇಡ. ಟ್ರಿಗರ್ ಹಗುರ ಮಾಡಲು ಹ್ಯಾಮರ್ ಸ್ಪ್ರಿಂಗ್ ಬದಲಿಸುವವರೂ ಇದ್ದಾರೆ. ತೀರಾ ಮೆದು ಸ್ಪ್ರಿಂಗ್ ಹಾಕಿದರೆ ಗಟ್ಟಿ ಪ್ರೈಮರ್ (ತೋಟಾದ ಹಿಂಬದಿಯ ಕಿಡಿಮದ್ದು) ಹೊತ್ತಿಕೊಳ್ಳುವುದಿಲ್ಲ. ಶಿಕಾರಿಯ ರಿವಾಲ್ವರ್‌ಗೆ ಕಾರ್ಖಾನೆಯ ಸ್ಪ್ರಿಂಗೇ ಇರಲಿ.

ಮೀನುಗಾರರಿಗೆ ಎದೆಯ ಮೇಲೆ ಕಟ್ಟುವ ಹೋಲ್‌ಸ್ಟರ್ ಬಿಟ್ಟು ಬೇರೆ ಹೊಂದುವುದಿಲ್ಲ. ಸೊಂಟದ್ದು ನೀರಿಗಿಳಿಯಲು ತೊಡುವ ಉದ್ದ ಉಡುಪಾದ ವೇಡರ್ಸ್ ಒಳಗೆ ಸಿಕ್ಕಿಕೊಳ್ಳುತ್ತದೆ ಅಥವಾ ನೀರಲ್ಲಿ ಮುಳುಗುತ್ತದೆ. ಸ್ಟೇನ್‌ಲೆಸ್ಸೂ ತುಕ್ಕು ಹಿಡಿಯುತ್ತದೆ, ಒದ್ದೆ ಚರ್ಮದ ಹೋಲ್‌ಸ್ಟರ್‌ನಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಕಂದು ಚುಕ್ಕೆ ಕಾಣಬಹುದು. ಗ್ರಿಪ್ ಬಿಚ್ಚಿ ಒಳಗೂ ಒಣಗಿಸಿ. ಮ್ಯಾಗ್ನಮ್ ಸದ್ದು 150 ಡೆಸಿಬಲ್ ದಾಟುತ್ತದೆ, ಕಾಡಲ್ಲೂ ಕಿವಿಗೆ ರಕ್ಷಣೆ ಬೇಕೇ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳಬಹುದು, ಹಾರಿಸುವಂತಿಲ್ಲ. ಗ್ರಿಜ್ಲಿ ಕರಡಿಯ ನಾಡಿಗೆ ಈ ತೋಟಾ ಕಡಿಮೆಯಾಯಿತು. ಅಲ್ಲಿಗೆ ಕರಡಿ ಸ್ಪ್ರೇ ಮೊದಲು, ಆಮೇಲೆ .44 ಮ್ಯಾಗ್ನಮ್.

ಹಳೆಯದನ್ನು ಕೊಳ್ಳುವುದಾದರೆ ಮೊದಲು ಆರೂ ಕೋಣೆ ಖಾಲಿಯೆಂದು ಕಣ್ಣಾರೆ ನೋಡಿ. ಹ್ಯಾಮರನ್ನು ನಿಧಾನ ಎಳೆಯಿರಿ. ಅದು ಕೊನೆಗೆ ಬಂದು ನಿಲ್ಲುವ ಮುನ್ನವೇ ಸಿಲಿಂಡರ್ ಬೀಗ ಬೀಳಬೇಕು, ಆರೂ ಕೋಣೆಗಳಲ್ಲಿ ಹೀಗೇ ಆಗಬೇಕು. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯನ್ನು ಫೀಲರ್ ಗೇಜ್ ಎಂಬ ತೆಳು ಲೋಹದ ಪಟ್ಟಿಯಿಂದ ಅಳೆಯಿರಿ, 0.004ರಿಂದ 0.008 ಇಂಚು ಸರಿ. ಅದಕ್ಕಿಂತ ಅಗಲವಿದ್ದರೆ ಅಥವಾ ಸಿಲಿಂಡರ್ ಹಿಂದೆ ಮುಂದೆ ಆಡುತ್ತಿದ್ದರೆ ಬೆಲೆ ಎಷ್ಟು ಇಳಿಸಿದರೂ ಬಿಟ್ಟು ಬನ್ನಿ.