ನಾಲ್ಕು ವರ್ಷದ ಶಿಕ್ಷಕ ತರಬೇತಿ ಪದವಿ: ಕಲಿಕೆ ಗಟ್ಟಿ, ಪರವಾನಗಿಯ ದಾರಿ ಮಸುಕು

ಗಣಿತದ ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಒಟ್ಟಿಗೆ ಕೊಡುವ ನಾಲ್ಕು ವರ್ಷದ ಸಂಯೋಜಿತ ಕೋರ್ಸೊಂದನ್ನು ಮುಗಿಸಿ, ಬೋಧನಾ ಪರವಾನಗಿ ಪಡೆದು, ಈಗ ನಾನು ಎರಡನೆಯ ವರ್ಷ ಪಾಠ ಮಾಡುತ್ತಿದ್ದೇನೆ. ಕೋರ್ಸು ಮುಗಿದ ವಾರದಲ್ಲೇ ಈ ವಿಮರ್ಶೆಯನ್ನು ಬರೆಯಬಹುದಿತ್ತು. ಆದರೆ ಆಗ ಪದವಿಯ ಸಂತೋಷವೂ ಪರವಾನಗಿ ಅರ್ಜಿಯ ಬೇಸರವೂ ಒಂದರೊಳಗೊಂದು ಬೆರೆತಿದ್ದವು. ದಿನಕ್ಕೆ ಐದು ಪೀರಿಯಡ್‌ಗಳಂತೆ ಒಂದು ವರ್ಷ ಪಾಠ ಮಾಡಿದ ಮೇಲೆ, ಕಲಿತದ್ದರಲ್ಲಿ ಯಾವುದು ಕೈ ಹಿಡಿಯಿತು, ಯಾವುದು ನೋಟ್‌ಬುಕ್ಕಿನಲ್ಲೇ ಉಳಿಯಿತು ಎಂಬುದು ತಿಳಿದಿದೆ. ಸಂಸ್ಥೆಯ ಹೆಸರನ್ನು ಹೇಳುತ್ತಿಲ್ಲ. ಇಂಥ ಕೋರ್ಸುಗಳ ಚೌಕಟ್ಟು ಬಹುಮಟ್ಟಿಗೆ ಒಂದನ್ನೊಂದು ಹೋಲುವುದರಿಂದ, ಸೇರಬೇಕೆಂದಿರುವವರಿಗೆ ಆ ಚೌಕಟ್ಟಿನ ಗುಣದೋಷ ತಿಳಿದರೆ ಹೆಚ್ಚು ಪ್ರಯೋಜನ.

ಪದವಿ ಮುಗಿಸಿ ಆಮೇಲೆ ಪ್ರತ್ಯೇಕವಾಗಿ ತರಬೇತಿ ಪಡೆಯುವ ದಾರಿಗಿಂತ ಇದು ಮೇಲೆನಿಸುವುದು ಒಂದು ಕಾರಣಕ್ಕೆ: ವಿಷಯವನ್ನು ಕಲಿಯುತ್ತಿರುವಾಗಲೇ ಅದನ್ನು ಕಲಿಸುವುದು ಹೇಗೆಂಬ ಯೋಚನೆ ಮನಸ್ಸಿಗೆ ರೂಢಿಯಾಗುತ್ತದೆ. ವಿಷಯಜ್ಞಾನಕ್ಕೂ ಸಾಮಾನ್ಯ ಬೋಧನಾ ಕೌಶಲಕ್ಕೂ ನಡುವೆ, ಒಂದು ವಿಷಯವನ್ನು ಕಲಿಯುವವರಿಗೆ ಎಟುಕುವಂತೆ ಮಾಡುವ ಬೇರೊಂದು ಬಗೆಯ ಜ್ಞಾನ ಶಿಕ್ಷಕರಿಗೆ ಬೇಕೆಂದು ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. ನಮ್ಮ ಎರಡನೆಯ ವರ್ಷದ ಒಂದು ಪತ್ರಿಕೆ ಪೂರ್ತಿಯಾಗಿ ಈ ವಿಚಾರಕ್ಕೇ ಮೀಸಲಾಗಿತ್ತು. ಇಡೀ ಅವಧಿಯಲ್ಲಿ ನಾವು ಮಾಡಿದ ಕೆಲಸ ಮಕ್ಕಳ ತಪ್ಪುಗಳನ್ನು ಓದುವುದು. 0.35 ಮತ್ತು 0.5ರಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಕೆಲವು ಮಕ್ಕಳು 0.35 ಎನ್ನುತ್ತಾರೆ, ಏಕೆಂದರೆ 35 ಐದಕ್ಕಿಂತ ದೊಡ್ಡದು. ಅದು ಎಲ್ಲರಿಗೂ ಕಾಣುವ ತಪ್ಪು. ಆದರೆ 0.5 ಎಂದು ಸರಿಯುತ್ತರ ಕೊಟ್ಟ ಮಕ್ಕಳಲ್ಲೂ ಕೆಲವರು, ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದಾದ್ದರಿಂದ ದಶಮಾಂಶ ಬಿಂದುವಿನ ನಂತರ ಕಡಿಮೆ ಅಂಕಿಗಳಿರುವ ಸಂಖ್ಯೆಯೇ ಯಾವಾಗಲೂ ದೊಡ್ಡದು ಎಂದು ನಂಬಿರುತ್ತಾರೆ. ಅವರಿಗೆ 0.4 ಮತ್ತು 0.83 ಕೊಟ್ಟು ನೋಡಿದಾಗಲೇ ಅದು ಹೊರಬೀಳುತ್ತದೆ. ಸರಿಯುತ್ತರದ ಹಿಂದೆಯೂ ತಪ್ಪು ತಿಳುವಳಿಕೆ ಅಡಗಿರಬಹುದು, ಅದನ್ನು ಹೊರತರುವುದು ಪ್ರಶ್ನೆಯ ಆಯ್ಕೆ ಎಂಬುದನ್ನು ನನಗೆ ಕಲಿಸಿದ್ದು ಈ ಪತ್ರಿಕೆ. ಇಂದಿಗೂ ಪ್ರಶ್ನೆಪತ್ರಿಕೆ ತಯಾರಿಸುವಾಗ ಆ ಎರಡು ಜೋಡಿ ಸಂಖ್ಯೆಗಳು ನೆನಪಾಗುತ್ತವೆ.

ಶಿಕ್ಷಣದ ಇತಿಹಾಸ ಮತ್ತು ತತ್ತ್ವಶಾಸ್ತ್ರದ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಲು ಕೊಟ್ಟ ಪಠ್ಯಗಳು ಒಳ್ಳೆಯವಾಗಿದ್ದವು. ಆದರೆ ಪರೀಕ್ಷೆ ಕೇಳಿದ್ದು ವ್ಯಾಖ್ಯೆಗಳನ್ನು ಮಾತ್ರ.

ಮೂರನೆಯ ವರ್ಷದ ಸೂಕ್ಷ್ಮ ಬೋಧನೆಯ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಈ ಪದ್ಧತಿಯ ಕ್ರಮ ಸರಳ: ಒಂದೇ ಕೌಶಲವನ್ನು ಆರಿಸಿಕೊಂಡು ಐದರಿಂದ ಹತ್ತು ನಿಮಿಷ ಪಾಠ ಮಾಡುವುದು, ವಿಡಿಯೊ ನೋಡಿ ಚರ್ಚಿಸುವುದು, ತಿದ್ದಿಕೊಂಡು ಮತ್ತೆ ಮಾಡುವುದು. ನಾನು ಕಪ್ಪುಹಲಗೆಯತ್ತ ತಿರುಗಿಕೊಂಡೇ ಮಾತನಾಡುತ್ತೇನೆ ಎಂಬುದು ನನಗೆ ತಿಳಿದದ್ದು ಆ ವಿಡಿಯೊದಿಂದಲೇ. ಕೊರತೆಯೆಂದರೆ, ಮೂಲ ಪದ್ಧತಿಯಲ್ಲಿ ಎದುರಿಗೆ ಕೂರುತ್ತಿದ್ದವರು ನಿಜವಾದ ವಿದ್ಯಾರ್ಥಿಗಳು. ನಮ್ಮಲ್ಲಿ ಸಹಪಾಠಿಗಳೇ ಮಕ್ಕಳ ಪಾತ್ರ ವಹಿಸುತ್ತಿದ್ದರು. ಅವರಿಗೆ ಉತ್ತರ ಮೊದಲೇ ಗೊತ್ತು, ಜೊತೆಗೆ ಗೆಳೆಯರ ಪಾಠ ಕೆಡಬಾರದೆಂಬ ಕಾಳಜಿ ಬೇರೆ. ಹೀಗಾಗಿ ಪಾಠ ಸರಾಗವಾಗಿ ಮುಗಿಯುತ್ತಿತ್ತು, ವೀಕ್ಷಣಾ ಪಟ್ಟಿಯಲ್ಲಿ ಒಳ್ಳೆಯ ಅಂಕಗಳೂ ಬರುತ್ತಿದ್ದವು. ಅರ್ಥವಾಗದ ಮಗುವಿನ ಮುಖವನ್ನು ಎದುರಿಸುವ ಅಭ್ಯಾಸ ಮಾತ್ರ ಆಗುತ್ತಿರಲಿಲ್ಲ.

ಆ ಅಭ್ಯಾಸ ಆದದ್ದು ಕೊನೆಯ ವರ್ಷದ ಶಾಲಾ ಇಂಟರ್ನ್‌ಶಿಪ್‌ನಲ್ಲಿ. ಇಡೀ ಕೋರ್ಸಿನಲ್ಲಿ ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುವ ಭಾಗ ಇದು, ಮತ್ತು ಇದರ ಶ್ರೇಯಸ್ಸು ಬಹುಪಾಲು ನನ್ನ ಮಾರ್ಗದರ್ಶಿ ಶಿಕ್ಷಕಿಗೆ ಸಲ್ಲಬೇಕು. ಮೊದಲ ವಾರ ಅವರು ನನಗೆ ಪಾಠ ಮಾಡಲು ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ಒಂದು ಪೀರಿಯಡ್‌ನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಮಾತ್ರ ಗಮನಿಸಿ ಬರೆಯಲು ಹೇಳಿದರು. ಎರಡನೆಯ ವಾರದಿಂದ ನನ್ನ ಪಾಠಗಳಿಗೆ ಅವರೇ ಹಿಂದೆ ಕುಳಿತರು. ಪಾಠಯೋಜನೆಯ ಬಗ್ಗೆ ಅವರು ಹೆಚ್ಚೇನೂ ಹೇಳಲಿಲ್ಲ. ಒಂದು ದಿನ ಪೀರಿಯಡ್ ಮುಗಿದ ಮೇಲೆ ಸಂಖ್ಯೆಗಳಿದ್ದ ಒಂದು ಹಾಳೆಯನ್ನು ಕೈಗಿತ್ತರು: ನಾನು ಕೇಳಿದ ಪ್ರತಿಯೊಂದು ಪ್ರಶ್ನೆಯ ನಂತರ ಎಷ್ಟು ಸೆಕೆಂಡು ಕಾದೆ ಎಂಬ ಲೆಕ್ಕ ಅದು. ಹೆಚ್ಚಿನವು ಒಂದು, ಕೆಲವು ಸೊನ್ನೆ. ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನಾವು ತರಗತಿಯಲ್ಲಿ ಓದಿದ್ದೆವು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ, ಉತ್ತರಿಸದೆ ಸುಮ್ಮನುಳಿಯುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ನನ್ನದೇ ಪಾಠದಲ್ಲಿ ಅದು ಇರಲಿಲ್ಲ. ಮರುದಿನದಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸತೊಡಗಿದೆ. ಆ ಮೌನ ಮೊದಮೊದಲು ಬಹಳ ಭಾರವೆನಿಸಿತು. ಎರಡು ವಾರ ಕಳೆಯುವುದರೊಳಗೆ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಒಬ್ಬ ಹುಡುಗಿ ಛೇದಗಳನ್ನೇ ಕೂಡಿಸಿದರೆ ಏಕೆ ತಪ್ಪಾಗುತ್ತದೆ ಎಂದು ಇಡೀ ತರಗತಿಗೆ ತನ್ನ ಮಾತಿನಲ್ಲಿ ವಿವರಿಸಿದಳು. ಆ ದಿನದ ಖುಷಿಯನ್ನು ಯಾವ ಅಂಕಪಟ್ಟಿಯೂ ಕೊಟ್ಟಿರಲಿಲ್ಲ.

ಈ ಅನುಭವ ಅಷ್ಟು ತಡವಾಗಿ ಬಂದದ್ದು ಕೋರ್ಸಿನ ದೊಡ್ಡ ದೋಷವೆಂದು ನಾನು ಭಾವಿಸುತ್ತೇನೆ. ಮೊದಲ ಮೂರು ವರ್ಷಗಳಲ್ಲಿ ಶಾಲೆಗೆ ಹೋದದ್ದು ಒಟ್ಟು ಎರಡು ವಾರ, ಅದೂ ವೀಕ್ಷಣೆಗೆ. ಕೊನೆಯ ವರ್ಷದ 16 ವಾರಗಳನ್ನು ಸೇರಿಸಿದರೂ 18 ವಾರ. ಹೋಲಿಕೆಗೆ ಹೇಳುವುದಾದರೆ, ಇಂಗ್ಲೆಂಡಿನಲ್ಲಿ ನಾಲ್ಕು ವರ್ಷದ ಶಿಕ್ಷಕ ಪದವಿಗೆ ಕನಿಷ್ಠ 32 ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕೆಂಬ ನಿಯಮವಿದೆ. ನಮ್ಮ ತಂಡದ ಇಬ್ಬರಿಗೆ ಈ ವೃತ್ತಿ ತಮಗೆ ಒಗ್ಗುವುದಿಲ್ಲವೆಂದು ಅರಿವಾದದ್ದು ಏಳನೆಯ ಸೆಮಿಸ್ಟರ್‌ನಲ್ಲಿ. ಮೊದಲ ವರ್ಷವೇ ವಾರಕ್ಕೊಂದು ದಿನ ಶಾಲೆಗೆ ಕಳುಹಿಸಿದ್ದರೆ, ಅವರು ಬೇರೆ ದಾರಿಯನ್ನು ಹುಡುಕಿಕೊಳ್ಳಲು ಸಮಯವಿರುತ್ತಿತ್ತು.

ಇನ್ನು ಪರವಾನಗಿ. ಪದವಿ ಕೈಗೆ ಬಂದ ಮಾತ್ರಕ್ಕೆ ತರಗತಿಯ ಬಾಗಿಲು ತೆರೆಯುವುದಿಲ್ಲ ಎಂಬುದು ಸೇರುವಾಗ ನನಗೆ ಅಷ್ಟಾಗಿ ತಿಳಿದಿರಲಿಲ್ಲ. ನಾನು ದಾಟಬೇಕಾಗಿದ್ದ ಹಂತಗಳು ವಿಷಯಜ್ಞಾನದ ಲಿಖಿತ ಪರೀಕ್ಷೆ, ಪಾಠಯೋಜನೆ, ಪಾಠದ ವಿಡಿಯೊ ಮತ್ತು ಮಕ್ಕಳ ಬರಹಗಳ ವಿಶ್ಲೇಷಣೆಯನ್ನೊಳಗೊಂಡ ಒಂದು ಕಡತ, ಮಾರ್ಗದರ್ಶಿ ಶಿಕ್ಷಕರ ಮೌಲ್ಯಮಾಪನ ಹಾಗೂ ಹಿನ್ನೆಲೆ ಪರಿಶೀಲನೆ. ಕಡತದ ತಯಾರಿಯಲ್ಲಿ ಅಧ್ಯಾಪಕರು ಕೊಟ್ಟ ನೆರವು ಅತ್ಯುತ್ತಮವಾಗಿತ್ತು. ಪಾಠ ಚೆನ್ನಾಗಿ ನಡೆಯಿತು ಎಂಬಂಥ ವಾಕ್ಯಗಳನ್ನು ಹೊಡೆದುಹಾಕಿ, ಯಾವ ಮಗು ಏನನ್ನು ಕಲಿಯಿತು, ಅದಕ್ಕೆ ಪುರಾವೆ ಎಲ್ಲಿದೆ ಎಂದು ಪಕ್ಕದಲ್ಲಿ ಬರೆದು ಮೂರು ಬಾರಿ ಹಿಂದಿರುಗಿಸಿದರು. ಆಗ ಕೋಪ ಬಂದಿತ್ತು, ಈಗ ಕೃತಜ್ಞತೆಯಿದೆ.

ಆಡಳಿತ ಕಚೇರಿಯ ಮಾರ್ಗದರ್ಶನದ ಬಗ್ಗೆ ಅದೇ ಮಾತನ್ನು ಹೇಳಲಾರೆ. ಪರವಾನಗಿಯನ್ನು ತರಗತಿಗಳ ಹಂತ ಮತ್ತು ವಿಷಯಕ್ಕೆ ಅನುಗುಣವಾಗಿ ಕೊಡಲಾಗುತ್ತದೆ. ಪ್ರೌಢ ತರಗತಿಗಳಿಗೆ ಗಣಿತ ಕಲಿಸುವ ಪರವಾನಗಿಗೆ ಸಂಖ್ಯಾಶಾಸ್ತ್ರದ ಪತ್ರಿಕೆ ಕಡ್ಡಾಯವಾಗಿತ್ತು. ನಮ್ಮ ಕೋರ್ಸಿನಲ್ಲಿ ಅದು ಐಚ್ಛಿಕವಾಗಿತ್ತು. ಅದನ್ನು ಆರಿಸಿಕೊಳ್ಳದಿದ್ದ ನಾನು, ಅರ್ಜಿ ತುಂಬುವ ಹೊತ್ತಿಗೆ, ಎಂಟನೆಯ ಸೆಮಿಸ್ಟರ್‌ನಲ್ಲಿ, ಈ ಅಂತರವನ್ನು ಕಂಡುಕೊಂಡೆ. ನಾಲ್ಕು ವರ್ಷಗಳಲ್ಲಿ ಯಾರೂ ನನ್ನ ಪತ್ರಿಕೆಗಳ ಪಟ್ಟಿಯನ್ನು ಪರವಾನಗಿಯ ನಿಯಮಗಳ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ವಿಚಾರಿಸಿದಾಗ, ಅದು ವಿದ್ಯಾರ್ಥಿಯ ಜವಾಬ್ದಾರಿ ಎಂಬ ಉತ್ತರ ಬಂತು. ಪದವಿಯ ನಂತರ ಆ ಪತ್ರಿಕೆಯನ್ನು ಬೇರೆಡೆ ಮುಗಿಸಿ ಅರ್ಜಿ ಸಲ್ಲಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದವು, ಅಷ್ಟು ಕಾಲ ಸಹಾಯಕಿಯಾಗಿ ಮಾತ್ರ ಕೆಲಸ ಮಾಡಬೇಕಾಯಿತು. ಶಿಕ್ಷಕರನ್ನು ತಯಾರಿಸುವ ಸಂಸ್ಥೆಗೆ ಪರವಾನಗಿಯ ನಿಯಮಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಸಣ್ಣ ಕೆಲಸ. ಅದನ್ನು ಮಾಡದಿದ್ದದ್ದನ್ನು ನಾನು ಅಲಕ್ಷ್ಯವೆಂದೇ ಕರೆಯುತ್ತೇನೆ.

ಮೊದಲು ಸಿಗುವುದು ತಾತ್ಕಾಲಿಕ ಪರವಾನಗಿ. ಮೇಲ್ವಿಚಾರಣೆಯಲ್ಲಿ ಎರಡು ವರ್ಷ ಪಾಠ ಮಾಡಿದ ನಂತರ ಅದು ಪೂರ್ಣವಾಗುತ್ತದೆ. ನವೀಕರಣದ ನಿಯಮಗಳೂ ಒಂದೇ ಕಡೆ ನಿಲ್ಲುವುದಿಲ್ಲ: ಜಪಾನಿನಲ್ಲಿ 2009ರಲ್ಲಿ ಆರಂಭವಾದ ಹತ್ತು ವರ್ಷಕ್ಕೊಮ್ಮೆಯ ನವೀಕರಣ ಪದ್ಧತಿಯನ್ನು 2022ರಲ್ಲಿ ರದ್ದುಪಡಿಸಲಾಯಿತು. ಹಿರಿಯರು ಹೇಳಿದ್ದನ್ನು ಕೇಳಿ ಸುಮ್ಮನಾಗದೆ, ಪರವಾನಗಿ ನೀಡುವ ಪ್ರಾಧಿಕಾರದ ಇತ್ತೀಚಿನ ಸುತ್ತೋಲೆಯನ್ನು ಸ್ವತಃ ಓದುವುದು ಒಳ್ಳೆಯದು.

ಇಂಥ ಕೋರ್ಸಿಗೆ ಸೇರುವ ಮುನ್ನ ಪ್ರವೇಶ ಕಚೇರಿಯಲ್ಲಿ ಕಟ್ಟಡವನ್ನೂ ಗ್ರಂಥಾಲಯವನ್ನೂ ತೋರಿಸುತ್ತಾರೆ. ಅವನ್ನು ನೋಡಿ, ಜೊತೆಗೆ, ಮೊದಲ ಬಾರಿಗೆ ನಿಜವಾದ ಮಕ್ಕಳ ಮುಂದೆ ನಿಲ್ಲುವುದು ಯಾವ ಸೆಮಿಸ್ಟರ್‌ನಲ್ಲಿ, ಆಗ ಹಿಂದೆ ಕುಳಿತು ನೋಡುವವರು ಯಾರು, ಅವರು ವಾರಕ್ಕೆ ಎಷ್ಟು ಬಾರಿ ಬರುತ್ತಾರೆ ಎಂದು ಕೇಳಿ. ಈ ಪದವಿ ಯಾವ ಹಂತದ, ಯಾವ ವಿಷಯದ ಪರವಾನಗಿಗೆ ಮಾನ್ಯವೆಂಬುದನ್ನು ಬರಹದಲ್ಲಿ ಪಡೆದುಕೊಂಡು, ಐಚ್ಛಿಕ ಪತ್ರಿಕೆಗಳನ್ನು ಆರಿಸುವ ದಿನ ಆ ಕಾಗದವನ್ನು ಎದುರಿಗಿಟ್ಟುಕೊಳ್ಳಿ. ನನ್ನ ತಂಗಿ ಮುಂದಿನ ವರ್ಷ ಇದೇ ಕೋರ್ಸಿಗೆ ಸೇರುತ್ತಿದ್ದಾಳೆ. ಸಂಖ್ಯಾಶಾಸ್ತ್ರದ ಪತ್ರಿಕೆಯ ಸಂಕೇತ ಸಂಖ್ಯೆಯನ್ನು ಈಗಾಗಲೇ ಅವಳಿಗೆ ಬರೆದುಕೊಟ್ಟಿದ್ದೇನೆ.